ಎಂಜಿಬಿ ರೋಡ್‌ಸ್ಟರನ್ನು ಕಾರ್ಖಾನೆಯಿಂದ ಹೊರಬಂದ ಸ್ಥಿತಿಗೆ ತರುವುದು ಹೇಗೆ

ಬ್ರಿಟನ್ನಿನ ಎಂಜಿ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಬಿಯನ್ನು ‘ಒರಿಜಿನಲ್’ ಮಾಡಲು ಹೊರಟವರು ಎಡವುವುದು ಆ ‘ಒರಿಜಿನಲ್’ ಎಂಬ ಮಾತಿನಲ್ಲೇ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ಈ ಕಾರು 1962ರಿಂದ 1980ರವರೆಗೆ ತಯಾರಾಯಿತು. ಹೆಸರು ಅದೇ ಉಳಿಯಿತು, ಭಾಗಗಳು ಬದಲಾಗುತ್ತಲೇ ಹೋದವು. 1964ರ ಅಕ್ಟೋಬರಿಗೆ ಮುಂಚಿನ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟಿಗೆ 3 ಮೇನ್ ಬೇರಿಂಗ್, ಆಮೇಲೆ 5. ಬಾಗಿಲಿನ ಎಳೆಯುವ ಹಿಡಿಕೆ 1965ರಲ್ಲಿ ಹೋಗಿ ಗುಂಡಿ ಒತ್ತುವ ಹಿಡಿಕೆ ಬಂತು. 1967ರ ಕೊನೆಗೆ ಬಂದ ಮಾರ್ಕ್ 2ರಲ್ಲಿ ಡೈನಮೋ ಜಾಗಕ್ಕೆ ಆಲ್ಟರ್ನೇಟರ್, ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ) ಜಾಗಕ್ಕೆ ನೆಗೆಟಿವ್ ಅರ್ತ್ (ಮೈನಸ್ ತುದಿ ಬಾಡಿಗೆ). ಹೀಗಾಗಿ ನೋಡಬೇಕಾದದ್ದು ‘ಎಂಜಿಬಿ ಹೇಗಿತ್ತು’ ಎಂದಲ್ಲ, ಈ ಚಾಸಿ ನಂಬರಿನ ಕಾರು ಆ ತಿಂಗಳು ಹೇಗಿತ್ತು ಎಂದು. ಮುಂದಿನ ವಿವರವೆಲ್ಲ 1962–67ರ ಮೊದಲ ಸರಣಿಯ ರೋಡ್‌ಸ್ಟರಿಗೆ ಸಂಬಂಧಿಸಿದ್ದು.

ಬಿಚ್ಚುವ ಮುಂಚೆ

ಚಾಸಿ ನಂಬರು ಜಿಎಚ್‌ಎನ್3 ಎಂದು ಶುರುವಾಗಬೇಕು. ಜಿ ಅಂದರೆ ಎಂಜಿ, ಎಚ್ ಎಂಜಿನ್ ಗಾತ್ರದ ವರ್ಗ, ಎನ್ ಎರಡು ಸೀಟಿನ ತೆರೆದ ಕಾರು (ಅದೇ ರೋಡ್‌ಸ್ಟರ್), 3 ಈ ಮೊದಲ ಸರಣಿಯ ಗುರುತು. ಎಂಜಿನ್ ನಂಬರಿನ ಮೊದಲ ಅಕ್ಷರಗಳು 18ಜಿ ಅಥವಾ 18ಜಿಎ ಇದ್ದರೆ 3 ಬೇರಿಂಗಿನದು, 18ಜಿಬಿ ಇದ್ದರೆ 5 ಬೇರಿಂಗಿನದು. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ತಯಾರಾದ ದಿನಾಂಕ, ಮೂಲ ಎಂಜಿನ್ ನಂಬರು, ಬಣ್ಣ, ಒಳಗಿನ ಟ್ರಿಮ್ಮಿನ ಬಣ್ಣ ಅದರಲ್ಲಿರುತ್ತವೆ. ಒಂದು ನಟ್ಟು ಸಡಿಲಿಸುವ ಮೊದಲೇ ಅದನ್ನು ತರಿಸಿಕೊಳ್ಳಿ. 1963ರ ಕಾರಿಗೆ ಯಾರೋ 18ಜಿಬಿ ಎಂಜಿನ್ ಕೂರಿಸಿದ್ದರೆ ಅದು ಆರ್‌ಪಿಎಂ ಮೀಟರಿನಲ್ಲೇ ಗೊತ್ತಾಗುತ್ತದೆ: ಮೊದಲಿನದು ಕೇಬಲ್ಲಿನಿಂದ ನಡೆಯುವ ಮೀಟರು, 18ಜಿಬಿಯಲ್ಲಿ ಆ ಕೇಬಲ್ ಸಿಕ್ಕಿಸುವ ಜಾಗವೇ ಇಲ್ಲ.

ಪುರಾವೆ ಇರುವುದು ಕಾರಿನಲ್ಲೇ, ಅದು ಅಳಿಸಿಹೋಗುವುದೂ ಉಜ್ಜುವವರ ಕೈಯಲ್ಲೇ. ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲ ಟ್ರಿಮ್ಮಿನ ಅಡಿಯಲ್ಲಿ ಬಿಸಿಲು ಕಾಣದ ಮೂಲ ಬಣ್ಣ ಸಿಗುತ್ತದೆ. ಅದನ್ನು ಹಗುರಾಗಿ ಪಾಲಿಶ್ ಮಾಡಿ ಬಣ್ಣ ಹೊಂದಿಸಿ, ಹೊರಮೈ ನೋಡಿ ಹೊಂದಿಸಬೇಡಿ. ಪ್ರತಿ ಜಾಗದ ಫೋಟೋ ಎರಡು ಬಾರಿ ತೆಗೆಯಿರಿ: ದೂರದಿಂದ ಒಂದು, ವಾಷರಿನ ಕ್ರಮ ಕಾಣುವಷ್ಟು ಹತ್ತಿರದಿಂದ ಒಂದು. ಬೋಲ್ಟುಗಳನ್ನು ಎಸೆಯಬೇಡಿ. ಬಹುಪಾಲು ಯುಎನ್‌ಎಫ್ ಎಳೆಯವು, ಅಂದರೆ ಇಂಚಿನ ಅಳತೆಯವು. ಮೆಟ್ರಿಕ್ ಬೋಲ್ಟನ್ನು ಒತ್ತಾಯದಿಂದ ತಿರುಗಿಸಿದರೆ ಹಾಳಾಗುವುದು ಕಾರಿನ ಎಳೆ. ಹಳೆಯದನ್ನೇ ತೊಳೆದು ಝಿಂಕ್ ಲೇಪನ ಮಾಡಿಸಿ. ಹೈ ಟೆನ್ಸೈಲ್ ಬೋಲ್ಟುಗಳನ್ನು ಲೇಪನವಾದ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಕಾಯಿಸದಿದ್ದರೆ ಲೋಹದೊಳಗೆ ಸೇರಿದ ಹೈಡ್ರೋಜನ್ನಿನಿಂದ ಬೋಲ್ಟು, ಬಿಗಿ ಮಾಡಿ ಎಷ್ಟೋ ದಿನವಾದ ಮೇಲೆ, ಏನೂ ಮುನ್ಸೂಚನೆ ಕೊಡದೆ ಮುರಿಯುತ್ತದೆ.

ಸಿಲ್: ಕಾರು ಗೆಲ್ಲುವುದೂ ಸೋಲುವುದೂ ಇಲ್ಲಿ

ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ರೋಡ್‌ಸ್ಟರಿಗೆ ಮೇಲ್ಛಾವಣಿಯ ಆಸರೆಯೂ ಇಲ್ಲ. ಬಾಗಿಲ ಕೆಳಗಿನ ಸಿಲ್ಲೇ ಬೆನ್ನುಮೂಳೆ. ಹೊರಗಿನ ಸಿಲ್, ಒಳಗಿನ ಸಿಲ್, ಇವೆರಡರ ಮಧ್ಯೆ ನಿಲ್ಲುವ ತಗಡು, ಅಡಿಯಲ್ಲಿ ಕ್ಯಾಸಲ್ ರೈಲ್ ಎಂಬ ಉದ್ದ ಪಟ್ಟಿ, ಎಲ್ಲವೂ ಒಟ್ಟಿಗೆ ಭಾರ ಹೊರುತ್ತವೆ. ಹೊರಗಿನದನ್ನು ಮಾತ್ರ ಬದಲಿಸಿ ಬಣ್ಣ ಹೊಡೆದ ಕಾರುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಹೊರಗೆ ಹೊಸದು, ಒಳಗೆ ಜರಡಿ.

ಕತ್ತರಿಸುವ ಮುನ್ನ ಬಾಗಿಲಿನ ಚೌಕಟ್ಟಿಗೆ ಅಡ್ಡಪಟ್ಟಿ ಕಟ್ಟಲೇಬೇಕು. ಕೀಲಿನ ಕಂಬದಿಂದ ಬೀಗದ ಕಂಬಕ್ಕೆ 25 ಮಿ.ಮೀ. ಚೌಕ ಕೊಳವೆ ಎರಡನ್ನು ಬೆಸೆಯಿರಿ. ಕಾರನ್ನು ಸಸ್ಪೆನ್ಷನ್ನಿನ ಮೇಲೆಯೇ ಮಟ್ಟವಾಗಿ ನಿಲ್ಲಿಸಿ. ಮಧ್ಯಕ್ಕೆ ಜ್ಯಾಕ್ ಕೊಟ್ಟರೆ ಕಾರು ಬಿಲ್ಲಿನಂತೆ ಬಾಗಿ, ಬಾಗಿದ ಆಕಾರದಲ್ಲೇ ಬೆಸುಗೆಯಾಗಿಬಿಡುತ್ತದೆ. ಎರಡೂ ಬದಿಯ ಕರ್ಣ ಅಳತೆ ಬರೆದಿಟ್ಟುಕೊಳ್ಳಿ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟಬೇಡಿ.

ಮುಂದಿನ ಮಡ್ಗಾರ್ಡು ಬೋಲ್ಟಿನಲ್ಲಿ ನಿಂತಿದೆ, ಬಿಚ್ಚಿ ತೆಗೆಯಿರಿ. ಹಿಂದಿನದು ಬೆಸುಗೆಯದು, ಸಿಲ್ ಅದರ ಒಳಕ್ಕೂ ಹೋಗುವುದರಿಂದ ಅದರ ಕೆಳತುದಿಯನ್ನು ಕತ್ತರಿಸದೆ ಗತಿಯಿಲ್ಲ. ಇಲ್ಲಿ ಸೋಮಾರಿತನ ಮಾಡಿ ಸಿಲ್ಲನ್ನು ಮಡ್ಗಾರ್ಡಿನ ಅಂಚಿನವರೆಗೆ ಮಾತ್ರ ತುಂಡು ಹಾಕಿದರೆ ಬಲ ಅಲ್ಲೇ ಕಡಿದುಹೋಗುತ್ತದೆ. ಹೊಸ ತಗಡುಗಳನ್ನು ಮೊದಲು ಕ್ಲ್ಯಾಂಪಿನಲ್ಲಿ ಹಿಡಿದು, ಬಾಗಿಲು ಸಿಕ್ಕಿಸಿ, ಮುಚ್ಚಿ ನೋಡಿ. ಸುತ್ತಲಿನ ಸಂದು ಒಂದೇ ಸಮ, 4–5 ಮಿ.ಮೀ. ಬಂದ ಮೇಲೆ ಮಾತ್ರ ಬೆಸುಗೆ. ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾದರೆ ಕಾರು ಮಧ್ಯದಲ್ಲಿ ಕುಸಿದಿದೆ ಎಂದರ್ಥ. ಆಗ ಬಾಗಿಲನ್ನು ಉಜ್ಜಿ ಸರಿಮಾಡಬಾರದು, ಬಾಡಿಯನ್ನೇ ಎತ್ತಿ ಸರಿಮಾಡಬೇಕು.

ಕಾರ್ಖಾನೆಯದು ಸ್ಪಾಟ್ ವೆಲ್ಡ್, ಅಂದರೆ ಬಿಂದುಬಿಂದುವಾಗಿ ಹಾಕಿದ ಬೆಸುಗೆ. ಮಿಗ್ ವೆಲ್ಡರಿನಲ್ಲಿ ಅದೇ ರೂಪ ಬೇಕಾದರೆ ಮೇಲಿನ ತಗಡಿಗೆ 25–30 ಮಿ.ಮೀ.ಗೊಂದು 6 ಮಿ.ಮೀ. ತೂತು ಕೊರೆದು, ಆ ತೂತನ್ನು ಬೆಸುಗೆಯಿಂದ ತುಂಬಿ (ಪ್ಲಗ್ ವೆಲ್ಡ್), ಸಮವಾಗಿ ಉಜ್ಜಿ. ಮುಚ್ಚಿಹೋಗುವ ಎರಡೂ ಮೈಗೆ ಮೊದಲೇ ಝಿಂಕ್ ಪ್ರೈಮರ್ ಇರಲಿ. ಎಲ್ಲ ಮುಗಿದ ಮೇಲೆ ಸಿಲ್ಲಿನೊಳಕ್ಕೆ ಮೇಣ ಸಿಂಪಡಿಸಿ, ನೀರಿಳಿಯುವ ತೂತುಗಳನ್ನು ತೆರೆದಿಡಿ. ಆ ತೂತು ಮುಚ್ಚಿದ ಸಿಲ್ ಒಳಗಿನಿಂದಲೇ ಕೊಳೆಯುತ್ತದೆ. ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆ, ಹಿಂದಿನ ಸ್ಪ್ರಿಂಗಿನ ಹ್ಯಾಂಗರು, ಬಾಗಿಲ ತಗಡಿನ ಮೇಲೆ ಕ್ವಾರ್ಟರ್‌ಲೈಟಿನ (ಬಾಗಿಲ ಮುಂತುದಿಯ ಪುಟ್ಟ ಕಿಟಕಿ) ಬುಡದ ಬಿರುಕು, ಈ ಮೂರನ್ನೂ ಇದೇ ಹಂತದಲ್ಲಿ ನೋಡಿ.

ಎಂಜಿನ್

1798 ಸಿಸಿ, ಬೋರ್ 80.26 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ. ಕ್ರ್ಯಾಂಕ್ ಸವೆದಿದ್ದರೆ 0.010 ಇಂಚಿನ ಹೆಜ್ಜೆಗಳಲ್ಲಿ ಗ್ರೈಂಡ್ ಮಾಡಿಸಬಹುದು. ಬೇರಿಂಗ್ ಶೆಲ್ ಕೈಗೆ ಬಂದ ಮೇಲೆ ಅದರ ಗಾತ್ರ ನೋಡಿ ಗ್ರೈಂಡಿಂಗಿಗೆ ಕೊಡಿ, ಉಲ್ಟಾ ಮಾಡಬೇಡಿ. ಹೊಸ ಕ್ಯಾಮ್‌ಶಾಫ್ಟ್ ಹಾಕಿದರೆ ಟ್ಯಾಪೆಟ್ಟುಗಳೂ ಹೊಸವೇ ಆಗಬೇಕು. ಸೀಸವಿಲ್ಲದ ಪೆಟ್ರೋಲಿಗಾಗಿ ಗಟ್ಟಿ ಎಕ್ಸಾಸ್ಟ್ ವಾಲ್ವ್ ಸೀಟ್ ಕೂರಿಸುವುದು ಮೂಲಕ್ಕೆ ದ್ರೋಹ ಎಂದು ವಾದಿಸುವವರಿದ್ದಾರೆ. ಕಣ್ಣಿಗೆ ಕಾಣದ, ಎಂಜಿನ್ ಉಳಿಸುವ ಬದಲಾವಣೆಗೆ ಅಷ್ಟು ಕಟ್ಟುನಿಟ್ಟು ಬೇಡ. ಬಣ್ಣದ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ: ಈ ಕಾಲದ ಬ್ಲಾಕು ಕಡುಗೆಂಪು, ಕಪ್ಪು ಬಂದದ್ದು ಆಮೇಲಿನ 18ವಿ ಎಂಜಿನ್ನುಗಳಿಗೆ.

ಅವಳಿ ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರುಗಳು ಒಂದೂವರೆ ಇಂಚಿನವು. ಸೂಜಿ, ಜೆಟ್ ಬದಲಿಸಿದರೂ ಐಡ್ಲಿಂಗ್ ಏರಿಳಿಯುತ್ತಿದ್ದರೆ ಥ್ರಾಟಲ್ ಸ್ಪಿಂಡಲನ್ನು ಅಲ್ಲಾಡಿಸಿ ನೋಡಿ. ಆಟ ಇದ್ದರೆ ಗಾಳಿ ಒಳನುಗ್ಗುತ್ತಿದೆ. ಸ್ಪಿಂಡಲ್ ಮಾತ್ರ ಹೊಸದು ಹಾಕಿ ಪ್ರಯೋಜನವಿಲ್ಲ. ಕಾರ್ಬ್ಯುರೇಟರ್ ಬಾಡಿಯ ತೂತೂ ಸವೆದಿರುತ್ತದೆ, ಅದಕ್ಕೆ ಬುಷ್ ಹೊಡೆಸಬೇಕು.

ವಿದ್ಯುತ್ತು

ಎರಡು 6 ವೋಲ್ಟ್ ಬ್ಯಾಟರಿ ಸರಣಿಯಲ್ಲಿ, ಪಾಸಿಟಿವ್ ಬಾಡಿಗೆ. ಹಿಂದಿನ ಮಾಲೀಕರು ನೆಗೆಟಿವ್ ಅರ್ತ್ ಮಾಡಿದ್ದರೆ, ಮೂಲಕ್ಕೆ ಮರಳಲು ಬ್ಯಾಟರಿ ತಿರುಗಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಡೈನಮೋಗೆ ಹೊಸ ಧ್ರುವ ಹಿಡಿಸಬೇಕು: ರೆಗ್ಯುಲೇಟರಿನ ಎಫ್ ತಂತಿಯನ್ನು ಬಿಚ್ಚಿ, ಬ್ಯಾಟರಿಯ ಲೈವ್ ತುದಿಗೆ ಒಂದೆರಡು ಬಾರಿ ಕ್ಷಣಮಾತ್ರ ತಾಗಿಸಿ. ಇಗ್ನಿಷನ್ ಕಾಯಿಲಿನ ಪ್ಲಸ್ ತುದಿ ಡಿಸ್ಟ್ರಿಬ್ಯೂಟರಿಗೆ ಹೋಗಬೇಕು. ಉಲ್ಟಾ ಇದ್ದರೂ ಎಂಜಿನ್ ಓಡುತ್ತದೆ, ಆದರೆ ಕಿಡಿ ಬಲಹೀನ. ಎಲೆಕ್ಟ್ರಾನಿಕ್ ಆರ್‌ಪಿಎಂ ಮೀಟರಿರುವ ಕಾರಾದರೆ ಅದರ ಒಳಗಿನ ಧ್ರುವವನ್ನೂ ನೋಡದೆ ಕರೆಂಟ್ ಕೊಡಬೇಡಿ. ಫ್ಯೂಸ್ ಎರಡೇ. ಅದರ ಮೇಲಿನ 35 ಆಂಪಿಯರ್ ಎಂಬುದು ವಿದ್ಯುತ್ ಭಾಗ ತಯಾರಿಸಿದ ಲೂಕಸ್ ಕಂಪನಿಯ ಲೆಕ್ಕದಲ್ಲಿ ಸುಡುವ ಮಿತಿ, ಸದಾ ತಾಳುವುದು ಅದರ ಅರ್ಧದಷ್ಟೇ. ಹೊಸ ನಮೂನೆಯ 35 ಆಂಪಿಯರ್ ಫ್ಯೂಸ್ ಸಿಕ್ಕಿಸಿದರೆ ಅದಕ್ಕಿಂತ ಮೊದಲು ಸುಡುವುದು ವೈರು.

ಮೊದಲ ಸ್ಟಾರ್ಟ್

ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಯಿಲ್ ಒತ್ತಡ ಮೀಟರಿನಲ್ಲಿ ಕಾಣುವವರೆಗೆ ಸ್ಟಾರ್ಟರಿನಿಂದ ತಿರುಗಿಸಿ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದು 0.015 ಇಂಚು, ಪ್ಲಗ್ 0.025, ಫೈರಿಂಗ್ ಕ್ರಮ 1-3-4-2. ಸ್ಟಾರ್ಟ್ ಆದೊಡನೆ ಐಡ್ಲಿಂಗಿಗೆ ಇಳಿಸದೆ 20 ನಿಮಿಷ 2000 ಆರ್‌ಪಿಎಂ ಆಸುಪಾಸಿನಲ್ಲಿ ಓಡಿಸಿ. ನಿಧಾನ ವೇಗದಲ್ಲಿ ಹೊಸ ಕ್ಯಾಮಿಗೆ ಆಯಿಲ್ ಸಾಲದೆ ಮೊದಲ ದಿನವೇ ಅದರ ಲೋಬು ತಿಂದುಹೋಗುತ್ತದೆ.

500 ಮೈಲಿ ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಹೆಡ್ಡಿನ ನಟ್ಟುಗಳನ್ನು ಮಧ್ಯದಿಂದ ಹೊರಕ್ಕೆ 45–50 ಪೌಂಡ್-ಅಡಿಗೆ ಬಿಗಿ ಮಾಡಿ, ಆಮೇಲೆ ವಾಲ್ವುಗಳ ಸಂದು 0.015 ಇಂಚಿಗೆ ಹೊಂದಿಸಿ. ಯಾವ ವಾಲ್ವ್ ಪೂರ್ತಿ ತೆರೆದಿದೆಯೋ ಅದರ ಸಂಖ್ಯೆಯನ್ನು 9ರಿಂದ ಕಳೆಯಿರಿ, ಬಂದ ಸಂಖ್ಯೆಯ ವಾಲ್ವನ್ನು ಆಗ ಹೊಂದಿಸಿ. 1 ತೆರೆದಿದ್ದರೆ 8, 3 ತೆರೆದಿದ್ದರೆ 6.