ಚೀಟಿ, ಪಿಂಗ್, ಕೈವಾರ: ಹೈಸ್ಕೂಲಿನಲ್ಲಿ ಇಂಟರ್ನೆಟ್ ಕಲಿಸಿದ ನನ್ನ ಅನುಭವ

ಇಂಟರ್ನೆಟ್ ಎಲ್ಲಿದೆ ಎಂದು ಹೈಸ್ಕೂಲಿನ ಮಕ್ಕಳನ್ನು ಕೇಳಿದರೆ ಹೆಚ್ಚಿನವರು ಆಕಾಶದತ್ತ ಕೈ ತೋರಿಸುತ್ತಾರೆ. ಉಪಗ್ರಹ ಎನ್ನುತ್ತಾರೆ, ಟವರ್ ಎನ್ನುತ್ತಾರೆ, ಕ್ಲೌಡ್ ಎನ್ನುತ್ತಾರೆ. ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುವ ನಾನು ಈ ಉತ್ತರವನ್ನು ತಕ್ಷಣ ತಿದ್ದುವುದಿಲ್ಲ. ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇನೆ. ಅದು ಸರಿಯೋ ತಪ್ಪೋ ಎಂಬುದನ್ನು ಮಕ್ಕಳೇ ಅಳೆದು ಹೇಳಬೇಕು. ಅಳೆಯಲು ಬೇಕಾದದ್ದೆಲ್ಲ ವಿಂಡೋಸ್ ಹಾಕಿದ ಯಾವುದೇ ಹಳೆಯ ಕಂಪ್ಯೂಟರಿನಲ್ಲಿದೆ.

ಆದರೆ ಮೊದಲ ತರಗತಿಗಳಲ್ಲಿ ಕಂಪ್ಯೂಟರ್ ಮುಟ್ಟುವುದೇ ಇಲ್ಲ. ಕತ್ತರಿಸಿದ ಕಾಗದದ ಚೀಟಿಗಳು ಸಾಕು. ಒಂದು ಮೂಲೆಯಲ್ಲಿ ಕಳುಹಿಸುವವನು, ಎದುರು ಮೂಲೆಯಲ್ಲಿ ಪಡೆಯುವವಳು, ನಡುವಿನ ಬೆಂಚುಗಳಲ್ಲಿ ಕೂತವರೆಲ್ಲ ರೂಟರ್‌ಗಳು, ಅಂದರೆ ಬಂದದ್ದನ್ನು ಮುಂದಕ್ಕೆ ದಾಟಿಸುವ ಯಂತ್ರಗಳು. ಏನು ಕಳುಹಿಸಬೇಕು ಎಂದು ಕೇಳಿದರೆ ಮಕ್ಕಳು ಯಾವಾಗಲೂ ಒಂದೇ ಸುದ್ದಿ ಆರಿಸುತ್ತಾರೆ: ‘ನಾಳೆ ಶಾಲೆಗೆ ರಜೆ’.

ಈ ಮೂರು ಪದಗಳನ್ನು ಬೈಟ್‌ಗಳಾಗಿ, ಅಂದರೆ ಕಂಪ್ಯೂಟರ್ ಮಾಹಿತಿಯನ್ನು ಅಳೆಯುವ ಸಣ್ಣ ಅಳತೆಯಲ್ಲಿ, ಎಣಿಸುವುದರಲ್ಲಿ ನಾನು ಸಾಕಷ್ಟು ಹೊತ್ತು ಕಳೆಯುತ್ತೇನೆ, ಅದಕ್ಕೆ ಬೇಸರವಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯಲು ಇವತ್ತು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ ಬೇರೆ ಬೇರೆಯಾಗಿ ಮೂರು ಬೈಟ್ ಬೇಕು. ನಾವು ‘ನಾ’ ಎಂದು ಒಂದಾಗಿ ಓದುವುದು ಕಂಪ್ಯೂಟರಿಗೆ ನ ಮತ್ತು ಅದರ ದೀರ್ಘ, ಎರಡು ಘಟಕ, ಆರು ಬೈಟ್. ಹೀಗೆ ಎಣಿಸಿದರೆ ನಮ್ಮ ಸುದ್ದಿಯಲ್ಲಿ ಹದಿಮೂರು ಘಟಕಗಳು, ಅಂದರೆ 39 ಬೈಟ್. ಜೊತೆಗೆ ಎರಡು ಖಾಲಿ ಜಾಗಕ್ಕೆ ಒಂದೊಂದು ಬೈಟ್. ಒಟ್ಟು 41.

ಈಗ ಒಂದು ಚೀಟಿಯಲ್ಲಿ 12 ಬೈಟ್ ಮಾತ್ರ ಹಿಡಿಸುತ್ತದೆ ಎಂದು ನಿಯಮ ಹಾಕುತ್ತೇನೆ. ಮೊದಲ ಚೀಟಿಗೆ ‘ನಾಳೆ’ ಸರಿಯಾಗಿ ಕೂರುತ್ತದೆ. ಎರಡನೆಯದರಲ್ಲಿ ಖಾಲಿ ಜಾಗ, ‘ಶಾ’, ‘ಲ’ ಮುಗಿದು ಎರಡು ಬೈಟ್ ಉಳಿಯುತ್ತದೆ. ಆದರೆ ಬರಬೇಕಾದ ಎತ್ವಕ್ಕೆ ಮೂರು ಬೇಕಲ್ಲ! ಮಕ್ಕಳು ‘ಅದನ್ನು ಮುಂದಿನ ಚೀಟಿಗೆ ಹಾಕೋಣ’ ಎನ್ನುತ್ತಾರೆ. ಇಲ್ಲ, ಕತ್ತರಿಸಿ ಎನ್ನುತ್ತೇನೆ. ಎತ್ವದ ಎರಡು ಬೈಟ್ ಎರಡನೆಯ ಚೀಟಿಗೆ, ಕೊನೆಯ ಬೈಟ್ ಮೂರನೆಯದಕ್ಕೆ. ‘ರಜೆ’ಯ ಜಕಾರಕ್ಕೂ ಇದೇ ಗತಿ, ಅದರ ಒಂದು ಬೈಟ್ ಮೂರನೆಯ ಚೀಟಿಯಲ್ಲಿ, ಎರಡು ನಾಲ್ಕನೆಯದರಲ್ಲಿ. ಹೊತ್ತೊಯ್ಯುವ ಜಾಲಕ್ಕೆ ಅಕ್ಷರ ಗೊತ್ತಿಲ್ಲ, ಪದ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಬೈಟ್ ಮಾತ್ರ ಗೊತ್ತು. ಅದಕ್ಕಾಗಿಯೇ ಅದು ಹಾಡನ್ನೂ ಚಿತ್ರವನ್ನೂ ಕನ್ನಡವನ್ನೂ ಒಂದೇ ರೀತಿ ಸಾಗಿಸಬಲ್ಲದು. ಇಷ್ಟನ್ನು ನಾನು ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದ ದಿನಗಳಲ್ಲಿ ಮಕ್ಕಳು ಬರೆದುಕೊಂಡು ಸುಮ್ಮನಾಗುತ್ತಿದ್ದರು. ಕತ್ತರಿ ಕೈಗೆ ಬಂದ ಮೇಲೆ ಪ್ರಶ್ನೆ ಕೇಳುತ್ತಾರೆ.

ಪ್ರತಿ ಚೀಟಿಯ ತಲೆಯ ಮೇಲೆ ನಾಲ್ಕು ವಿಷಯ ಬರೆಯಬೇಕು: ಯಾರಿಂದ, ಯಾರಿಗೆ, ಎಷ್ಟನೆಯ ತುಂಡು, ಮತ್ತು ಒಂದು ಆಯುಸ್ಸಿನ ಸಂಖ್ಯೆ. ನಿಜ ಜಾಲದಲ್ಲಿ ಇಂಥ ಚೀಟಿಗೆ ಪ್ಯಾಕೆಟ್ ಎಂದು ಹೆಸರು. ಅದರಲ್ಲಿ ಇಂಥ ಮಾಹಿತಿಗೆ, ವಿಳಾಸ ನೋಡಿ ಸಾಗಿಸುವ ನಿಯಮವಾದ ಐಪಿಯ ಪಾಲಿನ 20 ಬೈಟ್, ತುಂಡುಗಳ ಲೆಕ್ಕ ಇಡುವ ನಿಯಮವಾದ ಟಿಸಿಪಿಯ ಪಾಲಿನ 20 ಬೈಟ್ ಕನಿಷ್ಠ ಬೇಕು. ಸಾಮಾನ್ಯವಾಗಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದಾದ್ದರಿಂದ ನಮ್ಮ ರಜೆಯ ಸುದ್ದಿ ನಿಜ ಜಾಲದಲ್ಲಿ ಒಂದರಲ್ಲೇ ಹೋಗುತ್ತಿತ್ತು. ಒಂದು ಫೋಟೋ ಆದರೆ ಸಾವಿರಾರು ತುಂಡಾಗಬಹುದು.

ರೂಟರ್ ಆಗಿ ಕೂತ ಪ್ರತಿ ಮಗುವಿನ ಕೈಯಲ್ಲಿ ಒಂದು ಪುಟ್ಟ ಪಟ್ಟಿ ಇರುತ್ತದೆ: ಈ ಅಂಕಿಯಿಂದ ಶುರುವಾಗುವ ವಿಳಾಸವಾದರೆ ಬಲಕ್ಕೆ ಕೊಡು, ಉಳಿದದ್ದೆಲ್ಲ ಹಿಂದಕ್ಕೆ ಕೊಡು. ಅಷ್ಟೇ. ಇಡೀ ತರಗತಿಯ ನಕ್ಷೆ ಯಾರ ಬಳಿಯೂ ಇಲ್ಲ. ಗೊತ್ತಿಲ್ಲದ ಊರಿಗೆ ಹೊರಟವರು ಪ್ರತಿ ಕೂಡುರಸ್ತೆಯಲ್ಲೂ ಮುಂದಿನ ಕೂಡುರಸ್ತೆಯನ್ನಷ್ಟೇ ಕೇಳಿಕೊಂಡು ತಲುಪುವ ಹಾಗೆ ಚೀಟಿ ಸಾಗುತ್ತದೆ. ಇಂಟರ್ನೆಟ್ಟಿನ ಬಗ್ಗೆ ಒಂದೇ ಮಾತು ಮಕ್ಕಳ ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ ಎಂಬುದು ನನ್ನ ಆಸೆ. ಒಂದು ರೂಟರ್‌ಗೆ ಗೊತ್ತಿರುವುದು ಮುಂದಿನ ಹೆಜ್ಜೆ ಮಾತ್ರ.

ಇಲ್ಲಿ ಒಂದು ಚೀಟಿಯನ್ನು ನಾನು ದಾರಿಯಲ್ಲೇ ಎತ್ತಿಕೊಳ್ಳುತ್ತೇನೆ, ಸಾಮಾನ್ಯವಾಗಿ ಎರಡನೆಯದನ್ನು. ಪಡೆಯುವವಳು ಪ್ರತಿ ಚೀಟಿ ಬಂದಾಗಲೂ ತನಗೆ ಮುಂದೆ ಬೇಕಾದ ಸಂಖ್ಯೆಯನ್ನು ಹಿಂದಕ್ಕೆ ಬರೆದು ಕಳುಹಿಸಬೇಕೆಂಬುದು ನಿಯಮ. ಒಂದು ಬಂತು, ‘ಎರಡು ಬೇಕು’. ಮೂರು ಬಂತು, ಆದರೂ ‘ಎರಡು ಬೇಕು’. ನಾಲ್ಕು ಬಂತು, ಮತ್ತೆ ‘ಎರಡು ಬೇಕು’. ಅದೇ ಬೇಡಿಕೆ ಮೇಲಿಂದ ಮೇಲೆ ಬಂದಾಗ ಕಳುಹಿಸುವವನಿಗೆ ಅರ್ಥವಾಗುತ್ತದೆ, ಎರಡನೆಯದರ ಪ್ರತಿ ಮತ್ತೆ ಹೊರಡುತ್ತದೆ. ಟಿಸಿಪಿ ಮಾಡುವುದೂ ಇದನ್ನೇ, ಅದು ಎಣಿಸುವುದು ಮಾತ್ರ ಚೀಟಿಗಳನ್ನಲ್ಲ, ಬೈಟ್‌ಗಳನ್ನು. ನಡುವಿನ ರೂಟರ್‌ಗಳು ಯಾವ ಭರವಸೆಯನ್ನೂ ಕೊಡುವುದಿಲ್ಲ. ಕಳೆದುಹೋದದ್ದನ್ನು ಕೇಳಿ ಪಡೆಯುವ ಹೊಣೆ ಎರಡು ತುದಿಗಳದ್ದು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿಗಳಾದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ಯೋಜನೆಯ ಬೇರು ಈ ವಿಚಾರದಲ್ಲಿದೆ. 1983ರ ಜನವರಿ 1ರಂದು, ಇಂದಿನ ಇಂಟರ್ನೆಟ್ಟಿನ ಹಿಂದಿನ ಜಾಲವಾದ ಅರ್ಪಾನೆಟ್ ಈ ಪದ್ಧತಿಗೆ ಬದಲಾಯಿತು.

ಇನ್ನು ಆಯುಸ್ಸಿನ ಸಂಖ್ಯೆ. ಚೀಟಿಯನ್ನು ಮುಂದೆ ಕೊಡುವ ಮೊದಲು ಪ್ರತಿ ರೂಟರ್ ಅದರಲ್ಲಿ ಒಂದು ಕಳೆಯಬೇಕು. ಸೊನ್ನೆಯಾದರೆ ಚೀಟಿಯನ್ನು ಎಸೆದು ‘ನನ್ನ ಬಳಿ ಮುಗಿಯಿತು’ ಎಂದು ತನ್ನ ವಿಳಾಸದೊಂದಿಗೆ ಕಳುಹಿಸಿದವನಿಗೆ ತಿಳಿಸಬೇಕು. ದಾರಿತಪ್ಪಿದ ಪ್ಯಾಕೆಟ್ ಸುತ್ತುತ್ತಲೇ ಇರಬಾರದೆಂದು ಮಾಡಿದ ಏರ್ಪಾಡು ಇದು. ಈಗ ಮಕ್ಕಳಿಗೆ ಸವಾಲು ಹಾಕುತ್ತೇನೆ: ಎದ್ದು ಹೋಗಿ ನೋಡದೆ, ನಡುವೆ ಯಾರು ಯಾರಿದ್ದಾರೆ ಎಂದು ಹೇಗೆ ತಿಳಿಯುತ್ತೀರಿ? ಸ್ವಲ್ಪ ಗದ್ದಲದ ನಂತರ ಯಾರಾದರೂ ಒಬ್ಬರು ಕಂಡುಹಿಡಿಯುತ್ತಾರೆ. ಆಯುಸ್ಸು ಒಂದು ಎಂದು ಬರೆದು ಕಳುಹಿಸಿದರೆ ಮೊದಲನೆಯವನ ಹೆಸರು ಬರುತ್ತದೆ, ಎರಡು ಎಂದು ಬರೆದರೆ ಎರಡನೆಯವನದು. 1980ರ ದಶಕದ ಕೊನೆಯಲ್ಲಿ ವ್ಯಾನ್ ಜೇಕಬ್ಸನ್ ಬರೆದ, ದಾರಿಯ ರೂಟರ್‌ಗಳನ್ನು ತೋರಿಸುವ ಟ್ರೇಸ್‌ರೂಟ್ ಎಂಬ ತಂತ್ರಾಂಶ ನಡೆಯುವುದು ಇದೇ ಉಪಾಯದಿಂದ. ಹದಿನಾಲ್ಕು ವರ್ಷದವರು ಅದನ್ನು ಸ್ವಂತ ಬುದ್ಧಿಯಿಂದ ತಲುಪುವುದನ್ನು ನೋಡುವುದು ನನ್ನ ವೃತ್ತಿಯ ದೊಡ್ಡ ಸಂತೋಷ.

ಆಮೇಲೆ ಕಂಪ್ಯೂಟರ್ ಕೊಠಡಿ. ಆಜ್ಞೆಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ತೆರೆದು, ಟ್ರೇಸ್‌ರೂಟಿನ ವಿಂಡೋಸ್ ರೂಪವಾದ ‘ಟ್ರೇಸರ್ಟ್’ ಆಜ್ಞೆಯನ್ನು ಒಂದು ತಾಣದ ಹೆಸರಿನೊಂದಿಗೆ ಕೊಟ್ಟರೆ ಮೊದಲ ಸಾಲಿನಲ್ಲಿ ಸಾಮಾನ್ಯವಾಗಿ 192.168.1.1ರಂಥ ವಿಳಾಸ ಕಾಣುತ್ತದೆ. ಅದು ಗೋಡೆಗೆ ನೇತುಹಾಕಿರುವ ನಮ್ಮದೇ ಪೆಟ್ಟಿಗೆ. ಮುಂದಿನ ಸಾಲುಗಳು ಸೇವಾದಾರರ ರೂಟರ್‌ಗಳು. ಕೆಲವು ಕಡೆ ಬರೀ ನಕ್ಷತ್ರ ಚಿಹ್ನೆ. ಅಲ್ಲಿನ ರೂಟರ್ ಉತ್ತರ ಕೊಟ್ಟಿಲ್ಲ ಎಂದಷ್ಟೇ ಅರ್ಥ, ಜಾಲ ಕೆಟ್ಟಿದೆ ಎಂದಲ್ಲ.

ಪಿಂಗ್ ಎಂಬ ಆಜ್ಞೆ ಕೊಡುವುದು ಇನ್ನೂ ಸರಳ, ಅದು ಒಂದು ತಾಣಕ್ಕೆ ಪುಟ್ಟ ಪ್ರಶ್ನೆ ಕಳುಹಿಸಿ, ಹೋಗಿ ಬಂದ ಸಮಯವನ್ನು ಮಿಲಿಸೆಕೆಂಡಿನಲ್ಲಿ ಹೇಳುತ್ತದೆ. ಬೋರ್ಡಿನ ಮೂಲೆಯ ‘ಉಪಗ್ರಹ’ಕ್ಕೆ ಇಲ್ಲಿ ಪರೀಕ್ಷೆ. ಭೂಮಿಯ ಜೊತೆಗೇ ಸುತ್ತುತ್ತ ಒಂದೇ ಕಡೆ ನಿಂತಂತೆ ಕಾಣುವ ಸಂಪರ್ಕ ಉಪಗ್ರಹ ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿದೆ. ಪ್ರಶ್ನೆ ಮೇಲೆ ಹೋಗಿ ಕೆಳಗಿಳಿದು, ಉತ್ತರವೂ ಹಾಗೆಯೇ ಬರಬೇಕಾದರೆ ಆ ದೂರದ ನಾಲ್ಕು ಪಟ್ಟು. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಎಂದಿಟ್ಟುಕೊಂಡರೂ ಸುಮಾರು 477 ಮಿಲಿಸೆಕೆಂಡ್. ಆದರೆ ಅಮೆರಿಕದ ಒಂದು ಕಂಪನಿಯ ತಾಣಕ್ಕೆ ಪಿಂಗ್ ಕೊಟ್ಟಾಗ ಪರದೆಯ ಮೇಲೆ 8 ಎಂದು ಬಂದಿರುತ್ತದೆ. ಮಕ್ಕಳು ಬೋರ್ಡನ್ನು ತಾವೇ ಅಳಿಸುತ್ತಾರೆ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಹಾರುವ ಹೊಸ ಬಗೆಯ ಉಪಗ್ರಹಗಳಿಗೆ ಈ ಲೆಕ್ಕ ಹೊಂದುವುದಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಆದರೆ ನಮ್ಮ ಶಾಲೆಗೆ ಬರುವುದು ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆಯ ತಂತಿ, ಕಿಟಕಿಯಾಚೆಯ ಕಂಬದಲ್ಲೇ ಕಾಣುತ್ತದೆ.

ಅದೇ 8ರಿಂದ ಇನ್ನೊಂದು ವಿಷಯ ಹೊರಡುತ್ತದೆ. ಗಾಜಿನ ಎಳೆಯೊಳಗೆ ಬೆಳಕು ನಿಧಾನ, ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಅಂದರೆ ಒಂದು ಮಿಲಿಸೆಕೆಂಡಿಗೆ 200. ಎಂಟಕ್ಕೆ 1600, ಹೋಗಿ ಬರುವುದು ಸೇರಿ. ಹಾಗಾದರೆ ಉತ್ತರ ಕೊಟ್ಟ ಯಂತ್ರ 800 ಕಿಲೋಮೀಟರಿನೊಳಗೇ ಇರಬೇಕು. ಭೂಪಟದ ಮೇಲೆ ಹಾಸನದಲ್ಲಿ ಕೈವಾರ ಊರಿ ವೃತ್ತ ಎಳೆಯುತ್ತೇವೆ. ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬೈ ಒಳಗೆ. ದೆಹಲಿ ಹೊರಗೆ. ತಾಣದ ಹೆಸರು ಅಮೆರಿಕದ ಕಂಪನಿಯದು, ಆದರೆ ಉತ್ತರಿಸಿದ ಯಂತ್ರ ಈ ವೃತ್ತದೊಳಗಿನದು! ದೊಡ್ಡ ಕಂಪನಿಗಳು ತಮ್ಮ ವಿಡಿಯೋ, ಪುಟಗಳ ಪ್ರತಿಗಳನ್ನು ಬಳಕೆದಾರರ ಹತ್ತಿರ ಏಕೆ ಇಡುತ್ತವೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ. ನಿಜವಾಗಿಯೂ ಲಂಡನ್ನಿನಲ್ಲಿರುವ ಯಂತ್ರವಾದರೆ, ಬೆಂಗಳೂರಿನಿಂದ ನೇರ ದೂರವೇ ಸುಮಾರು 8000 ಕಿಲೋಮೀಟರ್, 80 ಮಿಲಿಸೆಕೆಂಡಿಗಿಂತ ಬೇಗ ಉತ್ತರ ಬರಲು ಸಾಧ್ಯವೇ ಇಲ್ಲ. ಕೇಬಲ್ ಸಮುದ್ರದ ತಳದಲ್ಲಿ ಸುತ್ತಿ ಬರುವುದರಿಂದ ಇನ್ನೂ ಹೆಚ್ಚೇ ಆಗುತ್ತದೆ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕೇಬಲ್‌ಗಳು ತುಂಡಾದಾಗ ಭಾರತದಲ್ಲೂ ಇಂಟರ್ನೆಟ್ ನಿಧಾನವಾಯಿತು ಎಂದು ಹೇಳಿದರೆ ಆ ಹೊತ್ತಿಗೆ ಯಾರಿಗೂ ಆಶ್ಚರ್ಯವಾಗುವುದಿಲ್ಲ.

ಹೆಸರು ಮತ್ತು ವಿಳಾಸದ ವ್ಯತ್ಯಾಸಕ್ಕೆ ಒಂದು ಚಿಕ್ಕ ಪ್ರಯೋಗ. ತಾಣದ ಹೆಸರಿಗೆ ಅಂಕಿಯ ವಿಳಾಸ ಹುಡುಕಿ ಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಒಂದು ಕಂಪ್ಯೂಟರಿನ ಡಿಎನ್‌ಎಸ್ ಜಾಗದಲ್ಲಿ ಬೇಕೆಂದೇ 192.0.2.1 ಎಂದು ತುಂಬುತ್ತೇನೆ. ಉದಾಹರಣೆಗಳಿಗೆಂದೇ ತೆಗೆದಿಟ್ಟ, ಯಾರಿಗೂ ಹಂಚದ ವಿಳಾಸ ಅದು. ಯಾವ ತಾಣವೂ ತೆರೆಯುವುದಿಲ್ಲ, ‘ನೆಟ್ ಹೋಯಿತು’ ಎಂದು ಕೂಗುತ್ತಾರೆ. ಆಗ ಗೂಗಲ್‌ನ ವಿಳಾಸವಾದ 8.8.8.8ಕ್ಕೆ ಪಿಂಗ್ ಕೊಡಿಸುತ್ತೇನೆ. ಉತ್ತರ ಬರುತ್ತದೆ. ದಾರಿ ಇದೆ, ಹೆಸರಿನಿಂದ ಅಂಕಿ ಹುಡುಕಿ ಕೊಡುವವರಿಲ್ಲ, ಅಷ್ಟೇ. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಈ ಹೆಸರಿನ ವ್ಯವಸ್ಥೆ ರೂಪಿಸುವ ಮೊದಲು ಎಲ್ಲ ಹೆಸರುಗಳೂ ಒಂದೇ ಕಡತದಲ್ಲಿದ್ದವು, ಎಲ್ಲರೂ ಅದರ ಪ್ರತಿ ಇಟ್ಟುಕೊಳ್ಳುತ್ತಿದ್ದರು. ಇಂದು ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಮುಗಿಯುವ ಹೆಸರುಗಳಿಗೂ ಅವಕಾಶವಿದೆ.

ಈ ಪಾಠದ ಕೊನೆಗೆ ಮನೆಗೆಲಸ ಕೊಡುತ್ತೇನೆ. ಒಂದೇ ವಿಳಾಸಕ್ಕೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಪಿಂಗ್ ಕೊಟ್ಟು ಗ್ರಾಫ್ ಎಳೆಯಬೇಕು; ಮನೆಯಲ್ಲಿ ಅನುಕೂಲವಿಲ್ಲದವರು ಶಾಲೆಯಲ್ಲೇ ಬೇರೆ ಬೇರೆ ಪೀರಿಯಡ್‌ಗಳಲ್ಲಿ ಅಳೆಯಬಹುದು. ಎಲ್ಲರ ಗ್ರಾಫಿನಲ್ಲೂ ಏರಿಳಿತವಿರುತ್ತದೆ, ಆದರೆ ಒಂದು ಮಟ್ಟಕ್ಕಿಂತ ಕೆಳಗೆ ಗೆರೆ ಇಳಿಯುವುದೇ ಇಲ್ಲ. ಆ ತಳ ಹೆಚ್ಚಾಗಿ ದೂರದಿಂದ ಬಂದದ್ದು, ಅದರ ಮೇಲಿನ ಏರಿಳಿತ ಬಹುಪಾಲು ರೂಟರ್‌ಗಳ ಮುಂದೆ ಪ್ಯಾಕೆಟ್‌ಗಳು ಸಾಲಿನಲ್ಲಿ ಕಾದ ಹೊತ್ತು. ಎರಡನ್ನೂ ಗ್ರಾಫಿನಲ್ಲಿ ಬೇರೆ ಬೇರೆ ಬಣ್ಣದಲ್ಲಿ ತುಂಬಿಸಿ ತರಲು ಹೇಳುತ್ತೇನೆ, ಅಂಕ ಕೊಡುವುದು ಅದಕ್ಕೆ.