ಮಂಜೂ ಬೇಕು, ರೆಂಬೆಯೂ ಬೇಕು: ನನ್ನ ಜಲವರ್ಣದ ಅನುಭವ

ಒಂದೇ ಹಾಳೆಯಲ್ಲಿ ಕನಸಿನಂಥ ಮಂಜೂ ಬರಬೇಕು, ನವಿರಾದ ರೆಂಬೆಗಳೂ ಬರಬೇಕು ಅಂದಾಗ ಜೊತೆಯವರು ನಕ್ಕಿದ್ದರು. ಒಣಗಿದ ವಾಷ್ (ನೀರಾಗಿ ಹರಡಿದ ತೆಳು ಬಣ್ಣದ ಪದರ) ಮೇಲೆ ಮತ್ತೆ ನೀರು ಹಾಕಿದರೆ ಕೆಸರಾಗುತ್ತೆ ಅಂತ ಎಲ್ಲರದೂ ಒಂದೇ ಮಾತು. ಈಗ ಅವರೇ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ!

ಇಂಥ ಕನಸಿನಂಥ ರೊಮ್ಯಾಂಟಿಕ್ ಶೈಲಿ ಅಂದರೆ ಬರೀ ಮಸುಕಲ್ಲ. ಇಂಗ್ಲಿಷ್ ಚಿತ್ರಕಾರ ಟರ್ನರ್ 1842ರಲ್ಲಿ ಬರೆದ ‘ಬ್ಲೂ ರಿಗಿ’ ನೋಡಿ. ಬೆಟ್ಟ ನೀಲಿ ಮಬ್ಬಿನಲ್ಲಿದೆ, ಮುಂದಿನ ನೀರಿನಲ್ಲಿ ಚಿಕ್ಕಚಿಕ್ಕ ಬಾತುಗಳೂ ಇವೆ.

ನಾವೆಲ್ಲ ಆಕಾಶಕ್ಕೆ ಮೊದಲು ಅಲ್ಟ್ರಾಮರೀನ್ ನೀಲಿ ಹಚ್ಚುವವರು. ಕಾಳುಕಾಳಾಗಿ ಕೂರುತ್ತದೆ, ಚೆಂದವೇ. ಆದರೆ ಮತ್ತೆ ಒದ್ದೆ ಮಾಡಿದರೆ ಎದ್ದು ಬರುತ್ತದೆ. ಹೀಗೆ ಹಾಳಾದ ಹಾಳೆಗಳ ದುಡ್ಡಲ್ಲಿ ಎರಡು ಮೂರು ಒಳ್ಳೆಯ ಕೊಲಿನ್ಸ್ಕಿ (ಪ್ರಾಣಿಯ ಕೂದಲಿನ ದುಬಾರಿ) ಬ್ರಷ್ ಬರುತ್ತಿತ್ತು. ಉಳಿತಾಯ ಅಂತ ಮರದ ತಿರುಳಿನ ಅಗ್ಗದ ಹಾಳೆ ತಂದೆ. ಅದು ಇನ್ನೂ ದಂಡ. ಎರಡನೇ ಸಲ ನೀರು ಬಿದ್ದರೆ ಜುಂಗು ಏಳುತ್ತದೆ. ಪೂರ್ತಿ ಹತ್ತಿಯ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹಾಳೆಯೇ ಬೇಕು, ಅದರಲ್ಲಿ ಚೌಕಾಸಿ ಬೇಡ.

ಬಣ್ಣದ ಸರದಿ ತಿರುಗಿಸಿದ ಮೇಲೆ ದಾರಿ ಸಿಕ್ಕಿತು. ಹಾಳೆಯ ಎರಡೂ ಬದಿ ನೆನೆಸಿ ಗಾಜಿನ ಮೇಲೆ ಹಾಸುತ್ತೇನೆ. ಸುಮಾರು 20 ನಿಮಿಷ ಒದ್ದೆ ಉಳಿಯುತ್ತದೆ, ತಂಪಿದ್ದರೆ ಇನ್ನೂ ಜಾಸ್ತಿ. ಮೊದಲ ಪದರಕ್ಕೆ ಹಾಳೆಗೆ ಕಚ್ಚಿಕೊಳ್ಳುವ ಬಣ್ಣಗಳು: ಥ್ಯಾಲೋ ಬ್ಲೂ ಎಂಬ ನೀಲಿ, ಕ್ವಿನಾಕ್ರಿಡೋನ್ ರೋಸ್ ಎಂಬ ಗುಲಾಬಿ, ತೀರಾ ತೆಳ್ಳಗೆ. ಪೂರ್ತಿ ಒಣಗಲು ಬಿಡಿ. ಮುಂಗೈಗೆ ತಣ್ಣಗೆ ತಾಗಿದರೆ ಒಳಗಿನ್ನೂ ತೇವ ಇದೆ ಅಂತಲೇ ಲೆಕ್ಕ. ಆಮೇಲೆ ಅಗಲವಾದ ಮೆತ್ತನೆ ಬ್ರಷ್‌ನಲ್ಲಿ ಮತ್ತೆ ನೀರು. ಈಗ ಅಲ್ಟ್ರಾಮರೀನ್, ಜೊತೆಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು. ಕೆಳಗಿನ ಗುಲಾಬಿ ಕದಲುವುದಿಲ್ಲ, ಮೇಲೆ ಬೂದು ಮಂಜು ಹರಡುತ್ತದೆ. ಹೀಗೆ ನಾಲ್ಕೈದು ಪದರ ಹಾಕಿದರೂ ಕೆಸರಿಲ್ಲ. ಈ ಎರಡನೇ ನೀರಿಗೆ ನಾನು ಒಂದು ಹನಿ ಬೇರೇನೋ ಸೇರಿಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ನಡುವೆ ಉಪ್ಪು ಎರಚಿಯೂ ನೋಡಿದೆ. ಹೂವಿನಂಥ ಗುರುತು ಬಂದವು, ಸುಮ್ನೆ ಆಟ. ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಹಾಳೆಗೆ ಹಚ್ಚಿ ಆಮೇಲೆ ಕೀಳುವ ದ್ರವ) ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ. ಅದರ ಅಂಚು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

ರೆಂಬೆ ಕೊನೆಗೆ, ಒಣಗಿದ ಮೇಲೆ, ಉದ್ದ ಕೂದಲಿನ ತೆಳ್ಳನೆ ರಿಗ್ಗರ್ ಬ್ರಷ್‌ನಲ್ಲಿ. ಗೆರೆ ಎಲ್ಲಿ ಮಾಯವಾಗಬೇಕೋ ಅಲ್ಲಿ ಮೊದಲೇ ಒಂದು ತೊಟ್ಟು ಶುದ್ಧ ನೀರು ಸವರಿರಿ. ಬ್ರಷ್ ಅಲ್ಲಿಗೆ ಬಂದ ಕೂಡಲೇ ಗೆರೆ ತಾನೇ ಮಂಜಿಗೆ ಕರಗುತ್ತದೆ. ನಕ್ಕವರಿಗೆ ಮೊದಲು ತೋರಿಸಿದ್ದು ಈ ಜಾಗವನ್ನೇ. ಪೂರ್ತಿ ಹಾಳೆಗೆ ಇದು ಇನ್ನೂ ಒಗ್ಗಿಲ್ಲ. ಒಂದು ಮೂಲೆ ಮುಗಿಸುವಷ್ಟರಲ್ಲಿ ಇನ್ನೊಂದು ಒಣಗಿರುತ್ತದೆ. ಸದ್ಯಕ್ಕೆ ಕಾಲು ಹಾಳೆಯಲ್ಲೇ ಮಾಡುತ್ತಿದ್ದೇನೆ.