ಅಡಿಕೆ ತೋಟದ ಕಣಿ, ಸೆಪಿಕ್ ಕಾಡಿನ ಏರ್‌ಸ್ಟ್ರಿಪ್

ಎರಡು ವರ್ಷದ ಮೇಲಾಯಿತು, ನಮ್ಮ ವಿಮಾನ ಇಳಿಯುವ ಏರ್‌ಸ್ಟ್ರಿಪ್ ಒಂದು ವಾರಕ್ಕಿಂತ ಹೆಚ್ಚು ಮುಚ್ಚಿದ್ದಿಲ್ಲ. ಪಾಪುವಾ ನ್ಯೂಗಿನಿಯಲ್ಲಿ, ಅದರಲ್ಲೂ ಸೆಪಿಕ್ ನದಿಯ ಮೇಲ್ಭಾಗದ ಕಾಡಿನಲ್ಲಿ ಮಿಷನ್ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ವಿಮಾನದ ಪಟ್ಟಿಯ ಅಡಿಯಲ್ಲಿ ಕಣಿ, ಅಂದರೆ ನೀರು ಬಸಿದು ಹೋಗುವ ಕಾಲುವೆ, ಹೂಳಲು ಹೊರಟಾಗ 'ಬಂಟ್ವಾಳದ ಬ್ರದರ್‌ಗೆ ತಲೆ ಕೆಟ್ಟಿದೆ' ಅಂತ ನನಗೆ ಅಂದವರೇ ಈಗ ಖರ್ಚೆಷ್ಟಾಯಿತು ಅಂತ ಕೇಳುತ್ತಿದ್ದಾರೆ. ಅದಕ್ಕೇ ಈ ಬರಹ.

ತಾವೇ ವಿಮಾನ ಹಾರಿಸಿ 'ಹಾರುವ ಬಿಷಪ್' ಅಂತ ಹೆಸರಾದ, ವೆವಾಕ್ ಪಟ್ಟಣದ ಬಿಷಪ್ ಲಿಯೋ ಆರ್ಕ್‌ಫೆಲ್ಡ್ ಕಾಲದಿಂದಲೂ ಇಲ್ಲಿ ಮಿಷನ್ ನಿಂತಿರುವುದು ವಿಮಾನದ ಮೇಲೆ. ಅಕ್ಕಿ, ಟಿನ್ ಮೀನು, ಮಲೇರಿಯಾ ಮಾತ್ರೆ ಎಲ್ಲ ಅದರಲ್ಲೇ ಬರಬೇಕು. ನಮ್ಮದು ಸುಮಾರು ಐನೂರು ಮೀಟರಿನ ಹುಲ್ಲಿನ ಪಟ್ಟಿ. ನಡುಮಧ್ಯದಲ್ಲಿ ನೀರು ನಿಲ್ಲುತ್ತಿತ್ತು. ಪೈಲಟ್ ಮೇಲೆ ಒಂದು ಸುತ್ತು ಹಾಕಿ ನೋಡಿ ವಾಪಸ್ ಹೋಗುತ್ತಿದ್ದ. ಇಳಿಯಲಿ ಬಿಡಲಿ, ಬಾಡಿಗೆ ಹೆಚ್ಚುಕಡಿಮೆ ನಾಲ್ಕು ಸಾವಿರ ಕಿನಾ. ಕಿನಾಕ್ಕೆ ಇಪ್ಪತ್ತು ರೂಪಾಯಿ ಚಿಲ್ಲರೆ, ಲೆಕ್ಕ ಹಾಕಿಕೊಳ್ಳಿ. ಮುಚ್ಚಿದಾಗ ದೋಣಿಯೇ ಗತಿ, ಎರಡು ದಿನದ ದಾರಿ. ಒಂದು ವರ್ಷ ಹೆರಿಗೆ ಕಷ್ಟವಾದ ಹೆಂಗಸೊಬ್ಬಳು ಆ ದೋಣಿಯಲ್ಲೇ ತೀರಿಕೊಂಡಳು.

ನನಗಿಂತ ಮುಂಚೆ ಇದ್ದವರು ಸುಮ್ಮನೆ ಕೂತಿರಲಿಲ್ಲ. ನದಿಯಿಂದ ಜಲ್ಲಿ ಹೊರಿಸಿ ಸುರಿದಿದ್ದರು. ಜೇಡಿ ಮಣ್ಣು ಅದನ್ನೆಲ್ಲ ನುಂಗಿತ್ತು. ಪಕ್ಕದಲ್ಲಿ ಚರಂಡಿ ತೋಡಿದ್ದರು, ಆದರೆ ನಡುವಿನ ನೀರು ಅಲ್ಲಿವರೆಗೆ ಹೋಗಬೇಕಲ್ಲ. ಪಟ್ಟಣದ ಒಬ್ಬ ಗುತ್ತಿಗೆದಾರ ಪ್ಲಾಸ್ಟಿಕ್ ಪೈಪು, ಯಂತ್ರ, ಬಾರ್ಜ್ ಎಲ್ಲ ಸೇರಿಸಿ ಒಂದೂವರೆ ಲಕ್ಷ ಕಿನಾದ ಹತ್ತಿರ ಹೇಳಿದ. ನಮ್ಮಲ್ಲಿ ಇದ್ದದ್ದು ಅದರ ಹತ್ತರಲ್ಲೊಂದು ಪಾಲು.

ಅಡಿಕೆ ತೋಟದಲ್ಲಿ ಬೆಳೆದವನಿಗೆ ಕಣಿ ತೋಡುವುದನ್ನು ಹೇಳಿಕೊಡಬೇಕಾಗಿಲ್ಲ. ಬುಡದಲ್ಲಿ ನೀರು ನಿಂತರೆ ಮರ ಹೋಯಿತು ಅಂತಲೇ ಲೆಕ್ಕ. ಪಟ್ಟಿಗೆ ಅಡ್ಡವಾಗಿ ತೆರೆದ ಕಣಿ ತೋಡುವ ಹಾಗಿಲ್ಲ, ಚಕ್ರ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ನೆಲದೊಳಗೇ ಹೂಳಿದೆ. ಇಲ್ಲಿ ಲಿಂಬುಮ್ ಅಂತ ಒಂದು ತಾಳೆ ಜಾತಿಯ ಮರ. ಜನ ಅದನ್ನು ಸೀಳಿ ಮನೆಗೆ ನೆಲ ಹಾಸುತ್ತಾರೆ. ನಮ್ಮಲ್ಲಿ ನೀರು ಹರಿಸಲು ಅಡಿಕೆ ಮರದ ದಂಬೆ ಮಾಡುವ ಹಾಗೆಯೇ ಸೀಳಿ, ಒಳಗಿನ ತಿರುಳು ತೆಗೆದು, ಎರಡು ಹೋಳು ಬಾಯಿಗೆ ಬಾಯಿ ಕೂಡಿಸಿದರೆ ಪೈಪು ರೆಡಿ. ಎರಡಡಿ ಆಳ, ಓರೆಯಾಗಿ, ಹತ್ತಿಪ್ಪತ್ತು ಹೆಜ್ಜೆಗೊಂದು. ಎಷ್ಟು ಓರೆ ಇರಬೇಕು, ಮಣ್ಣು ಒಳಗೆ ಇಳಿಯದ ಹಾಗೆ ಮೇಲೆ ಏನು ಹಾಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬೇಕಾದವರು ಬಂದು ನೋಡಲಿ, ಕಾಫಿ ಕೊಡುತ್ತೇನೆ.

ಮೊದಲ ಸಲ ಹೂಳಿದ್ದರಲ್ಲಿ ಅರ್ಧ ಕುಸಿಯಿತು. ಎಳೆಯ ಮರ ಆಗುವುದಿಲ್ಲ, ಹೊರಗಿನ ಕಟ್ಟು ಕಪ್ಪಾಗಿರಬೇಕು. ಎರಡನೇ ಸಲ ಬಲಿತ ಮರವನ್ನೇ ಆರಿಸಿದೆವು. ಮಣ್ಣು ಗಟ್ಟಿ ಮಾಡಲು ರೋಲರ್ ಎಲ್ಲಿಂದ ತರೋಣ? 1933ರಲ್ಲಿ ಇದೇ ದೇಶದ ಮೌಂಟ್ ಹೇಗನ್‌ನಲ್ಲಿ ಜನರನ್ನು ಕುಣಿಸಿಯೇ ಏರ್‌ಸ್ಟ್ರಿಪ್ ಗಟ್ಟಿ ಮಾಡಿದ್ದರು. ನಾವೂ ಅದನ್ನೇ ಮಾಡಿದೆವು. ಅಕ್ಕಿ ಬೇಯಿಸಿ, ಡೋಲು ಕೊಟ್ಟು, ರಾತ್ರಿಯಿಡೀ ಸಿಂಗ್‌ಸಿಂಗ್, ಅಂದರೆ ಇಲ್ಲಿನ ಹಾಡು ಕುಣಿತ. ಕುಣಿತಕ್ಕೆ ಕೂಲಿ ಕೇಳಿದವರು ಯಾರೂ ಇಲ್ಲ, ಅಗೆತಕ್ಕೆ ಮಾತ್ರ ಎಲ್ಲರೂ ಕೇಳಿದರು. ಪಟ್ಟಿಯ ಎರಡು ತುದಿ ಎರಡು ಕುಲದವರದು. ಒಬ್ಬರಿಗೆ ಒಂದು ಟಿನ್ ಮೀನು ಜಾಸ್ತಿ ಹೋದರೂ ಕೆಲಸ ನಿಲ್ಲುತ್ತಿತ್ತು. ಕೊನೆಗೆ ಮೀಟರ್ ಲೆಕ್ಕದಲ್ಲಿ ಕೂಲಿ ಇಟ್ಟೆ. ಪೈಪೋಟಿಗೆ ಬಿದ್ದು ಅಗೆದರು. ಹಾರೆ, ಅಕ್ಕಿ, ಕೂಲಿ ಎಲ್ಲ ಸೇರಿ ಹದಿನಾಲ್ಕು ಹದಿನೈದು ಸಾವಿರ ಕಿನಾ ಆಗಿರಬಹುದು.

ಜಗಳ ಬಂದದ್ದು ಬೇರೆ ಕಡೆಯಿಂದ. ಮುಖ್ಯ ಕಣಿ ಹೋಗಬೇಕಾದ ದಾರಿಯಲ್ಲಿ ಒಂದು ಹೊಂಡ ಇತ್ತು. ಅದು ಮಸಲಾಯಿ ಇರುವ ಜಾಗ, ಕಾಡಿನ ದೈವ. ಭಾನುವಾರ ಪೂಜೆಗೆ ತಪ್ಪದೆ ಬರುವವರೂ ಅಲ್ಲಿ ಹಾರೆ ಹಾಕಲು ಒಪ್ಪಲಿಲ್ಲ. ಕಣಿಯನ್ನು ನಲವತ್ತು ಮೀಟರ್ ಸುತ್ತಿಸಿದೆ. 'ಮಿಷನರಿಯಾಗಿ ದೈವಕ್ಕೆ ದಾರಿ ಬಿಟ್ಟೆಯಲ್ಲ' ಅಂತ ಹಿರಿಯ ಪಾದ್ರಿಯೊಬ್ಬರು ಬೈದರು. ತುಳುನಾಡಿನಲ್ಲಿ ಹುಟ್ಟಿದವನು ಇನ್ನೇನು ಮಾಡಲಿ? ಜನ ಬೇಡ ಅಂದ ಕಡೆ ಅಗೆದಿದ್ದರೆ ಮಾರನೇ ದಿನ ಚರ್ಚಿಗೂ ಬರುತ್ತಿರಲಿಲ್ಲ, ಏರ್‌ಸ್ಟ್ರಿಪ್‌ಗೂ ಬರುತ್ತಿರಲಿಲ್ಲ. ಉಪದೇಶದ ವಿಷಯ ಈ ಊರಿನವನೇ ಆದ ಕ್ಯಾಟೆಕಿಸ್ಟ್, ಅಂದರೆ ಧರ್ಮ ಹೇಳಿಕೊಡುವವನು, ನೋಡಿಕೊಳ್ಳುತ್ತಾನೆ. ಅವನ ಮಾತಿಗೆ ಇರುವ ತೂಕ ಇಲ್ಲಿನ ಆಡುಭಾಷೆ ಟೋಕ್ ಪಿಸಿನ್‌ನಲ್ಲಿ ನಾನು ಆಡುವ ಮಾತಿಗೆ ಎಲ್ಲಿಂದ ಬರಬೇಕು.

ಮಳೆಗೆ ಕೆಲಸ ನಿಂತ ದಿನಗಳಲ್ಲಿ ಸಾಗೋ ಹಿಟ್ಟಿನ ಸಂಡಿಗೆ ಮಾಡಲು ಹೋಗಿದ್ದೆ. ನಮ್ಮ ಸಾಬುದಾನಿ ಮರಗೆಣಸಿನದು, ಇಲ್ಲಿ ಸಿಗುವುದು ಅಸಲಿ ಸಾಗೋ ಮರದ್ದು. ಬಿಸಿಲೇ ಇಲ್ಲ, ಬೂಸ್ಟು ಬಂತು. ಒಲೆಯ ಅಟ್ಟದ ಮೇಲೆ ಒಣಗಿಸಿದರೆ ಹೊಗೆ ವಾಸನೆ. ಮಕ್ಕಳು ಮಾತ್ರ ಕರಿದದ್ದೇ ತಡ ಖಾಲಿ ಮಾಡಿದರು. ಇಲ್ಲಿಯವರು ಹಸಿ ಅಡಿಕೆ, ಸುಣ್ಣ, ಎಲೆಯ ಬದಲು ದಾಕ ಬಳ್ಳಿಯ ಕಾಯಿ ಜಗಿಯುತ್ತಾರೆ. ಒಣಗಿಸಿದ ಅಡಿಕೆ ರುಚಿ ತೋರಿಸೋಣ ಅಂತ ಮಾಡಿ ಕೊಟ್ಟೆ. ಉಗಿದರು.

ಕಣಿ ಮುಗಿದ ಮೇಲೆ ಪೈಲಟ್ ಇಳಿದು ಉದ್ದಕ್ಕೂ ನಡೆದ. ಹಿಮ್ಮಡಿ ಒತ್ತಿ ನೋಡಿದ. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಕಣಿಯ ಬಾಯಲ್ಲಿ ನೀರು ಬೀಳುವುದನ್ನು ಕೂತು ನೋಡಿದ, ಫೋಟೋ ತೆಗೆದ. ಈಗ ತಿಂಗಳಿಗೆ ಎರಡು ಸಲವಾದರೂ ಬರುತ್ತಾನೆ. ಲಿಂಬುಮ್ ಎಷ್ಟು ವರ್ಷ ತಡೆಯುತ್ತದೋ ನೋಡಬೇಕು. ಸದ್ಯ ಅಗೆದು ನೋಡಿದ ಕಡೆ ಗಟ್ಟಿಯಾಗಿದೆ. ಹೋದರೂ ಮರಕ್ಕೇನು ಬರಗಾಲವಿಲ್ಲ.

ಉಳಿದಿರುವುದು ಹಂದಿ ಕಾಟ. ರಾತ್ರಿ ಬಂದು ಎರೆಹುಳಕ್ಕೆ ಪಟ್ಟಿಯನ್ನು ಉತ್ತು ಹಾಕುತ್ತವೆ. ಹೊಡೆದರೆ ಹಂದಿಯ ಒಡೆಯನಿಗೆ ಪರಿಹಾರ ಕೊಡಬೇಕು, ಒಂದು ಹಂದಿಗೆ ಸಾವಿರ ಕಿನಾ ಕೇಳಿದ್ದೂ ಉಂಟು. ಬೇಲಿ ಕಟ್ಟಿ ಕಟ್ಟಿ ಸಾಕಾಗಿದೆ. ಬೇಲಿ ಇಲ್ಲದೆ ಹಂದಿ ತಡೆದವರು ಯಾರಾದರೂ ಇದ್ದರೆ ಹೇಳಿ, ಕಣಿಯ ಗುಟ್ಟು ಅವರಿಗೆ ಹೇಳುತ್ತೇನೆ.